ಕಿಲೋವ್ಯಾಟಿನ ಕಸಾಯಿಖಾನೆ

ಮೀನು ಉಳಿಸುತ್ತೇವೆ ಅಂತ ಹೇಳಿ ದೋಣಿ ಒಡೆದರು. ಕದ್ದುಮುಚ್ಚಿ ಒಡೆದದ್ದಲ್ಲ. ಸರ್ಕಾರವೇ ದುಡ್ಡು ಕೊಟ್ಟು, ಒಡೆದಿದ್ದಕ್ಕೆ ಪುರಾವೆ ಕೇಳಿ, ಕಡತಕ್ಕೆ ಸೇರಿಸಿಕೊಂಡು ಒಡೆಸಿತು. ಬ್ರಿಟನ್ನಿನಲ್ಲಿ ಈ ಯೋಜನೆ ಶುರುವಾದದ್ದು 1993ರಲ್ಲಿ. ಪರವಾನಗಿ ವಾಪಸ್ ಕೊಡಿ, ದೋಣಿ ಪುಡಿ ಮಾಡಿಸಿ, ಪರಿಹಾರ ತಗೊಳ್ಳಿ. ಸಮುದ್ರದಲ್ಲಿ ಮೀನು ಬರಿದಾಗುತ್ತಿತ್ತು, ಹಿಡಿಯುವವರು ಕಡಿಮೆಯಾಗಲೇಬೇಕಿತ್ತು. ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಮೀನು ಹಿಡಿಯುವ ಹಕ್ಕು ಕಿತ್ತುಕೊಳ್ಳಲು ಒಂದು ಕಾಗದ ಹರಿದರೆ ಸಾಕಿತ್ತಲ್ಲ? ಓಕ್ ಮರದ ಪಕ್ಕೆಲುಬಿಗೆ ಲಾರ್ಚ್ ಹಲಗೆ ಬಡಿದು ಸ್ಕಾಟ್ಲೆಂಡಿನ ಬಡಗಿಗಳು ಕಟ್ಟಿದ ದೋಣಿಯನ್ನು ದಡಕ್ಕೆಳೆದು ಜೆಸಿಬಿಯ ಹಲ್ಲಿಗೆ ಕೊಡುವ ದರ್ದು ಯಾರಿಗಿತ್ತು?

ಮರಕ್ಕಾಗಿ ಅತ್ತವರಿದ್ದಾರೆ. ಆ ಪುಣ್ಯಾತ್ಮರು ಸಂಘ ಕಟ್ಟಿದರು, ಫೋಟೊ ತೆಗೆದರು, ಪತ್ರಿಕೆಗೆ ಬರೆದರು. ಕೆಲವು ದೋಣಿಗಳನ್ನು ಉಳಿಸಿಕೊಂಡರು ಕೂಡ. ನನ್ನ ಸಿಟ್ಟು ಇರುವುದು ಆ ಮರದ ಹೊಟ್ಟೆಯಲ್ಲಿದ್ದ ಕಬ್ಬಿಣದ ಬಗ್ಗೆ. ಒಡೆಯುವಾಗ ಮೊದಲು ಮೇಲಿನ ಕ್ಯಾಬಿನ್ ಹೋಗುತ್ತದೆ, ಆಮೇಲೆ ಹಲಗೆ, ಆಮೇಲೆ ಪಕ್ಕೆಲುಬು. ಕೊನೆಗೆ ಎಣ್ಣೆ ಸುರಿಸುತ್ತಾ ಬಯಲಲ್ಲಿ ನಿಲ್ಲುವುದು ಎಂಜಿನ್. ಬೀಡು ಕಬ್ಬಿಣ ಬಗ್ಗುವ ಜಾತಿಯದಲ್ಲ. ಜೆಸಿಬಿ ಬಕೆಟ್ಟಿನ ಒಂದೇ ಏಟಿಗೆ ಸೀಳುತ್ತದೆ. ಸೀಳಿದ್ದನ್ನು ಸರಿಯಾಗಿ ಬೆಸೆಯಬಲ್ಲ ಕೈಗಳು ಎಲ್ಲಿವೆಯೆಂದು ಹುಡುಕಬೇಕು.

ಯುರೋಪಿನ ಮೀನುಗಾರಿಕೆ ದಫ್ತರಕ್ಕೆ ದೋಣಿಯೆಂದರೆ ಎರಡು ಅಂಕಿ: ಟನ್ನೇಜು ಒಂದು, ಕಿಲೋವ್ಯಾಟು ಇನ್ನೊಂದು. ದೇಶವೊಂದು ಎಷ್ಟು ಕಡಿತ ಮಾಡಿತು ಅಂತ ಅಳೆದದ್ದೂ ಇವುಗಳಲ್ಲೇ. ಎರಡು ಸಿಲಿಂಡರಿನ ಕೆಲ್ವಿನ್ ಕೆ2 ಡೀಸೆಲ್ ಎಂಜಿನ್ 44 ಅಶ್ವಶಕ್ತಿಯದು, ಓಡುವುದು ನಿಮಿಷಕ್ಕೆ 750 ಸುತ್ತು. ಅಂಥದ್ದಿದ್ದ ದೋಣಿ ಒಡೆದರೆ ದಫ್ತರದಲ್ಲಿ ಸುಮಾರು 33 ಕಿಲೋವ್ಯಾಟು ಕಮ್ಮಿ. ಮಾಲೀಕನೂ ದಡ್ಡನಲ್ಲ. ಚೆನ್ನಾಗಿ ದುಡಿಯುವ ಹೊಸ ದೋಣಿ ಯಾರು ಕೊಡುತ್ತಾರೆ? ಮೂಲೆಯಲ್ಲಿ ನಿಂತ ಮುದಿ ದೋಣಿಯನ್ನೇ ತಂದು ಒಪ್ಪಿಸುತ್ತಾನೆ. ಹೀಗೆ ಮೀನಿಗೆ ಎಲ್ಲಕ್ಕಿಂತ ಕಡಿಮೆ ಹಾನಿ ಮಾಡುತ್ತಿದ್ದದ್ದು ಮೊದಲು ಬಲಿಯಾಯಿತು. ಸಮುದ್ರದ ತಳ ಗೋರುವ ದೈತ್ಯ ಟ್ರಾಲರ್ ಮಾತ್ರ ಮರುದಿನವೂ ಬಂದರಿನಿಂದ ಹೊರಟಿತು.

ಆ ಕೆಲ್ವಿನ್ ಎಂಜಿನ್ ಏನೆಂದು ಆ ಫಾರಂ ತುಂಬಿದ ಗುಮಾಸ್ತನಿಗೆ ಗೊತ್ತಿತ್ತೇ? ಗ್ಲ್ಯಾಸ್ಗೋದಲ್ಲಿ ವಾಲ್ಟರ್ ಬರ್ಗಿಯಸ್ ಎಂಬಾತ 1904ರಲ್ಲಿ ಕಾರು ಮಾಡಲು ಕಂಪನಿ ಕಟ್ಟಿದ. ಕಾರಿಗೆ ಕೆಲ್ವಿನ್ ಅಂತ ಹೆಸರಿಟ್ಟ. ಅದು ಸರಿಯಾಗಿ ಮಾರಾಟವಾಗಲಿಲ್ಲ. 1906ರಲ್ಲಿ ಆ ಕಾರಿನ ಎಂಜಿನ್ನನ್ನೇ ಒಂದು ಹುಟ್ಟುದೋಣಿಗೆ ಕೂರಿಸಿದರು; ಅದು ಓಡಿತು, ಕಂಪನಿಯೂ ಬದುಕಿತು. ಮರುವರ್ಷ ಕ್ಯಾಂಪ್‌ಬೆಲ್‌ಟೌನಿನ ಮೀನುಗಾರ ರಾಬರ್ಟ್ ರಾಬರ್ಟ್‌ಸನ್ ತನ್ನ ‘ಬ್ರದರ್ಸ್’ ದೋಣಿಗೆ ಒಂದು ಕೆಲ್ವಿನ್ ಹಾಕಿಸಿದ. ಆ ಕಡಲಿನಲ್ಲಿ ಹೆರಿಂಗ್ ಮೀನಿಗೆ ರಾತ್ರಿ ಜೋಡಿ ದೋಣಿಗಳಲ್ಲಿ ಹೋಗಿ ಬಲೆ ಸುತ್ತುತ್ತಿದ್ದರು. ಗಾಳಿ ಬಿದ್ದರೆ ಹುಟ್ಟು ಹಾಕಬೇಕು. ತುಂಬಿದ ದೋಣಿಯನ್ನು ನಿಶ್ಚಲ ನೀರಿನಲ್ಲಿ ಮೈಲಿಗಟ್ಟಲೆ ಎಳೆದವರ ರಟ್ಟೆಗೆ ಆ ಎಂಜಿನ್ ಏನಾಗಿ ಕಂಡಿರಬಹುದು! ಕೈಗಾರಿಕಾ ಕ್ರಾಂತಿ ಅಂತ ನಾವು ಶಾಲೆಯಲ್ಲಿ ಓದಿದ್ದು ಗಿರಣಿಯದು, ರೈಲಿನದು. ಬಡವನ ದೋಣಿಗೆ ಅದು ಕಾಲಿಟ್ಟದ್ದು ಇಂಥ ಪುಟ್ಟ ಯಂತ್ರದ ಮೂಲಕ, ಇಪ್ಪತ್ತನೇ ಶತಮಾನದ ಹೊಸಿಲಲ್ಲಿ.

ಇಂಥ ಹಳೆ ಎಂಜಿನ್‌ಗಳನ್ನು ಹುಡುಕಿ, ಕೂಡಿಟ್ಟು, ಅಭ್ಯಾಸ ಮಾಡುವವರು ಯುರೋಪು, ಕೆನಡಾಗಳಲ್ಲಿ ಇದ್ದಾರೆ. ಹೆಚ್ಚಿನವರಿಗೆ ಯಾವ ಪದವಿಯೂ ಇಲ್ಲ, ಅನುದಾನವೂ ಇಲ್ಲ. ಅವರ ಕೆಲಸ ಹಿತ್ತಾಳೆಯ ಫಲಕದಿಂದ ಶುರುವಾಗುತ್ತದೆ. ಅಂಗೈಯಗಲದ ತಗಡು; ತಯಾರಕರ ಹೆಸರು, ಒಂದು ನಂಬರು. ಕಾರ್ಖಾನೆಯ ಆರ್ಡರ್ ಪುಸ್ತಕ ಉಳಿದಿದ್ದರೆ ಆ ನಂಬರು ಹಿಡಿದು ಎಂಜಿನ್ ಯಾವ ವರ್ಷ, ಯಾವ ಊರಿನ ಯಾವ ದೋಣಿಗೆ ಹೋಯಿತೆಂದು ಪತ್ತೆ ಮಾಡಬಹುದು. ಫಲಕ ಕಳಚಿದರೆ ಎಂಜಿನ್ ಅನಾಥ. ಆ ಫಲಕವೇ ಅಂಗಡಿಯಲ್ಲಿ ಗೋಡೆ ಅಲಂಕಾರಕ್ಕೆ ಮಾರಾಟವಾಗುತ್ತದೆ! ಇನ್ನು ಕಾರ್ಖಾನೆ ಮುಚ್ಚಿದ ದಿನ ಕಸದ ತೊಟ್ಟಿ ಸೇರುವುದು ಮೊದಲು ಕಾಗದ, ಆಮೇಲೆ ಎರಕದ ಅಚ್ಚು.

“ಎಂಜಿನ್ ಬಿಚ್ಚಿಕೊಳ್ಳಲು ಬಿಡುತ್ತಿದ್ದರಲ್ಲ” ಅನ್ನುತ್ತಾರೆ. ಹೌದು, ಕೆಲವರು ಬಿಚ್ಚಿ ಮಾರಿಕೊಂಡರು. ದೋಣಿಯಿಂದ ಹೊರತೆಗೆದ ಎಂಜಿನ್ ಅರ್ಧ ಮೂಕವಾದಂತೆಯೇ. ಹಳೆಯ ಕೆಲ್ವಿನ್‌ಗಳು ಪೆಟ್ರೋಲಿನಲ್ಲಿ ಚಾಲೂ ಆಗಿ, ಬಿಸಿಯೇರಿದ ಮೇಲೆ ಸೀಮೆಎಣ್ಣೆಗೆ ಹೊರಳುವಂಥವು. ಪೆಟ್ರೋಲು ದುಬಾರಿ, ಸೀಮೆಎಣ್ಣೆ ಅಗ್ಗ. ಹಾಗಾಗಿ ದೋಣಿಯೊಳಗೆ ಎರಡು ಟ್ಯಾಂಕು, ಎರಡು ನಳಿಗೆ, ನಡುವೆ ಒಂದು ತಿರುಪು. ಆ ತಿರುಪು ಯಾರ ಕೈಗೆ ಎಟಕುವಂತಿತ್ತು, ಹೊಗೆ ಕೊಳವೆ ಎಲ್ಲಿಂದ ಹಾಯುತ್ತಿತ್ತು, ಹಾಯಿಗೆಂದು ಕಟ್ಟಿದ ದೋಣಿಯ ಹಿಂಭಾಗ ಕೊರೆದು ಶಾಫ್ಟ್ ತೂರಿಸಿದ್ದು ಹೇಗೆ, ಅದನ್ನು ಊರ ಕಮ್ಮಾರ ಮಾಡಿದನೋ ಕಾರ್ಖಾನೆಯವನೋ? ಇದೆಲ್ಲ ಬರೆದಿರುವುದು ಎಂಜಿನ್ನಿನ ಮೇಲಲ್ಲ, ಅದರ ಸುತ್ತಲಿನ ಮರದ ಮೇಲೆ. ಮರವನ್ನು ಚೂರು ಮಾಡಿ ಯಂತ್ರವನ್ನು ಪಕ್ಕಕ್ಕಿಟ್ಟೆವು ಅನ್ನುವುದು ಉಳಿಸಿದಂತಲ್ಲ.

ಕೆನಡಾದ ನೋವಾ ಸ್ಕೋಷಿಯಾದಲ್ಲಿ, 1908ರಲ್ಲಿ ಬ್ರಿಜ್‌ವಾಟರಿನಲ್ಲಿ ಹುಟ್ಟಿದ ಅಕೇಡಿಯಾ ಕಂಪನಿಯ ಒಂಟಿ ಸಿಲಿಂಡರಿನ ಎಂಜಿನ್‌ಗಳಿದ್ದವು. ಅವಕ್ಕೆ ರಿವರ್ಸ್ ಗೇರಿಲ್ಲ. ಕಿಡಿ ನಿಲ್ಲಿಸಬೇಕು, ಫ್ಲೈವೀಲ್ ನಿಧಾನವಾಗುತ್ತಾ ಬಂದು ಇನ್ನೇನು ಸಾಯುತ್ತದೆ ಅನ್ನುವ ಗಳಿಗೆಗೆ ಕಿಡಿ ಕೊಡಬೇಕು. ಪಿಸ್ಟನ್ ವಾಪಸ್ ಒದ್ದು ಎಂಜಿನ್ ಉಲ್ಟಾ ತಿರುಗುತ್ತದೆ. ಸ್ವಲ್ಪ ಮೊದಲಾದರೆ ಮುಂದಕ್ಕೇ ನುಗ್ಗುತ್ತದೆ, ಸ್ವಲ್ಪ ತಡವಾದರೆ ನಿಂತೇಹೋಗುತ್ತದೆ. ಎದುರಿಗೆ ಧಕ್ಕೆಯ ಕಲ್ಲು. ಈ ವಿದ್ಯೆಯನ್ನು ಗಾಜಿನ ಪೆಟ್ಟಿಗೆಯ ಬೋರ್ಡು ಓದಿ ಕಲಿಯಲಾಗುವುದಿಲ್ಲ. ಓಡುವ ಎಂಜಿನ್ ಬೇಕು, ಓಡಿಸಿದವನ ಪಕ್ಕದಲ್ಲಿ ನಿಂತ ಹುಡುಗ ಬೇಕು.

ಸರ್ಕಾರ ಒಂದನ್ನೇ ಬೈದು ಬಿಟ್ಟರೆ ಅನ್ಯಾಯವಾದೀತು. ಪರಂಪರೆಯ ಭಕ್ತರದೂ ಪಾಲಿದೆ. ಹಾಯಿಯ ಕಾಲದಲ್ಲಿ ಹುಟ್ಟಿ, ಎಂಜಿನ್ ಹಾಕಿಸಿಕೊಂಡು ದಶಕಗಳ ಕಾಲ ದುಡಿದ ದೋಣಿ ಇವರ ಕೈಗೆ ಸಿಕ್ಕರೆ ಸಾಕು, “ಮೂಲ ರೂಪಕ್ಕೆ ತರುತ್ತೇವೆ” ಅಂತ ಮೊದಲು ಎಂಜಿನ್ ಕಿತ್ತೆಸೆಯುತ್ತಾರೆ. ಹಾಯಿ ಚಂದ, ಫೋಟೊಕ್ಕೆ ಚಂದ, ದೇಣಿಗೆ ಎತ್ತಲು ಇನ್ನೂ ಚಂದ. ಎಣ್ಣೆ ವಾಸನೆಗೆ ಯಾರು ದುಡ್ಡು ಕೊಡುತ್ತಾರೆ? ಅಲ್ಲಿಗೆ ದೋಣಿಯ ಬದುಕಿನ ಅರ್ಧ ಭಾಗ ನಡೆದೇ ಇಲ್ಲ ಎಂದಾಯಿತು. ಅಂಗಳದ ಶೋಕಿಗೆ ಎಂಜಿನ್ ತಂದಿಟ್ಟುಕೊಂಡವರು ಇನ್ನೊಂದು ತರಹ. ಸಿಲಿಂಡರಿನ ಸುತ್ತ ತಂಪಿಗೆ ಓಡಾಡುವ ನೀರನ್ನು ಬಸಿಯದೆ ಬಿಡುತ್ತಾರೆ. ಉತ್ತರದ ಚಳಿಗೆ ಅದು ಹೆಪ್ಪುಗಟ್ಟಿ ಹಿಗ್ಗುತ್ತದೆ. ಕಡಲ ಉಪ್ಪನ್ನು ಐವತ್ತು ವರ್ಷ ತಡೆದ ಕಬ್ಬಿಣ ಅಂಗಳದ ಒಂದು ಚಳಿಗಾಲಕ್ಕೆ ಬಿರಿಯುತ್ತದೆ. ಬಸಿಯುವ ತಿರುಪು ತಿರುಗಿಸಲು ಎರಡು ನಿಮಿಷ ಸಾಕಿತ್ತು.

ಗ್ರೀಸಿನಲ್ಲಿ ಆದದ್ದು ಇನ್ನೂ ಘೋರ. ಅಲ್ಲಿನ ದ್ವೀಪಗಳ ‘ಕೈಕಿ’ ಎಂಬ ಮರದ ದೋಣಿಗಳನ್ನು ಯುರೋಪಿಯನ್ ಒಕ್ಕೂಟದ ದುಡ್ಡಿನಲ್ಲಿ ಸಾವಿರಗಟ್ಟಲೆ ಒಡೆಸಿದರು. ಪಿರೇಯಸ್ ಬಂದರಿನ ಮಲ್ಕೋತ್ಸಿಸ್‌ನಂಥ ಕಾರ್ಖಾನೆಗಳು ತಮ್ಮದೇ ದೇಶದ ದೋಣಿಗಳಿಗೆಂದು ಎಂಜಿನ್ ಎರಕ ಹೊಯ್ದಿದ್ದವು. ಯಂತ್ರ ಅಂದರೆ ಇಂಗ್ಲೆಂಡು, ಜರ್ಮನಿ ಅಂದುಕೊಂಡವರಿಗೆ ಉತ್ತರವಾಗಿದ್ದ ಕಬ್ಬಿಣ ಅದು.

ನಾರ್ವೆಯೂ ಕಮ್ಮಿಯಲ್ಲ. ಒಕ್ಕೂಟಕ್ಕೆ ಸೇರದೆಯೂ 1960ರ ದಶಕದಿಂದಲೇ ಹಳೆ ದೋಣಿ ನಾಶಕ್ಕೆ ಸಹಾಯಧನ ಕೊಟ್ಟ ದೇಶ. ಅದೇ ಹೊತ್ತಿಗೆ ಅದು ನಮ್ಮ ಕರಾವಳಿಗೆ ಯಂತ್ರದ ಪಾಠ ಹೇಳುತ್ತಿತ್ತು! 1952ರಲ್ಲಿ ವಿಶ್ವಸಂಸ್ಥೆಯೊಂದಿಗೆ ಆದ ಒಪ್ಪಂದದ ಇಂಡೋ-ನಾರ್ವೇಜಿಯನ್ ಯೋಜನೆ ಕೊಲ್ಲಂ ಬಳಿಯ ನೀಂಡಕರದಲ್ಲಿ ಶುರುವಾಗಿ, 60ರ ದಶಕದಲ್ಲಿ ಕಾರವಾರಕ್ಕೂ ಬಂತು. ಅದರ ಒಳಿತು ಕೆಡುಕಿನ ಜಗಳ ಬೇರೆ, ಅದನ್ನು ಇನ್ನೊಮ್ಮೆ ಆಡೋಣ. ನಮ್ಮ ಧಕ್ಕೆಯಲ್ಲಿ ಹಳೆ ಎಂಜಿನ್ ಗುಜರಿಯವನ ತಕ್ಕಡಿ ಏರುತ್ತದೆ, ಯಾವ ಕಾನೂನಿನ ಹಂಗೂ ಇಲ್ಲದೆ. ಅವರಲ್ಲಿ ಕಿಲೋವ್ಯಾಟಿನ ಲೆಕ್ಕ, ನಮ್ಮಲ್ಲಿ ಬರೀ ಕಿಲೋ.

ಬುದ್ಧಿ ಬಂದದ್ದು ತಡವಾಗಿ. 2014ರ ಒಕ್ಕೂಟದ ನಿಯಮಾವಳಿಯಲ್ಲಿ ಒಂದು ಸಾಲು ಸೇರಿತು: ಪಾರಂಪರಿಕ ಮರದ ದೋಣಿಯನ್ನು ಒಡೆಯದೆ, ನೆಲದ ಮೇಲೆ ಪರಂಪರೆಯ ಗುರುತಾಗಿ ಇರಿಸಿಕೊಂಡರೂ ಸಹಾಯಧನ ಸಿಗಬಹುದಿತ್ತು. ನೆಲದ ಮೇಲೆ! ನೀರಿಗಿಳಿಯುವಂತಿರಲಿಲ್ಲ, ಶಾಫ್ಟ್ ತಿರುಗುವಂತಿರಲಿಲ್ಲ. ಎಂಜಿನ್ ಅನ್ನುವ ಮಾತೂ ಆ ಸಾಲಿನಲ್ಲಿರಲಿಲ್ಲ.

ನಾನು ಕೇಳುವುದು ಚಂದ್ರನನ್ನಲ್ಲ. ಕಿಲೋವ್ಯಾಟು ಬರೆಯುವ ಕಾಲಮ್ಮಿನ ಪಕ್ಕದಲ್ಲೇ ಇನ್ನೊಂದು ಗೆರೆ ಎಳೆಯಿರಿ: ತಯಾರಕರು ಯಾರು, ನಂಬರು ಎಷ್ಟು, ಯಾವ ವರ್ಷದ್ದು. ಒಡೆಯುವ ಮುನ್ನ ಎಂಜಿನ್ನಿನ ಫೋಟೊ ತೆಗೆಸಿ, ಅದರ ಹಳೆ ಬಣ್ಣದ ಪದರಗಳ ಸಮೇತ. ಒಂದು ತಿಂಗಳು ನೋಟಿಸು ಹಾಕಿ, ಬೇಕಾದವರು ಬಂದು ಒಯ್ಯಲಿ. ಜೆಸಿಬಿ ಬಾಡಿಗೆಗೆ ದುಡ್ಡಿದೆ, ಚೂರು ಸಾಗಿಸುವ ಲಾರಿಗೆ ದುಡ್ಡಿದೆ, ಒಡೆದಾಯಿತೆಂದು ಬರೆದುಕೊಡುವ ಅಧಿಕಾರಿಯ ಭತ್ಯೆಗೂ ದುಡ್ಡಿದೆ. ಒಡೆಯುವ ಹಿಂದಿನ ದಿನ ಒಬ್ಬ ತಿಳಿದವನನ್ನು ಟಾರ್ಚು ಕೊಟ್ಟು ದೋಣಿಯ ಒಳಗಿಳಿಸಲು ಮಾತ್ರ ಬಜೆಟ್ಟಿಲ್ಲ ಅಂದರೆ, ನಂಬುವುದಕ್ಕೆ ನಾವೇನು ಕಿವಿಯಲ್ಲಿ ಹೂವಿಟ್ಟುಕೊಂಡಿದ್ದೇವೆಯೇ?