ಅನ್ನಪಾನನಿರೋಧಕ್ಕೆ ಅಹಿಂಸೆಯ ಹೆಸರೇ?

2025ರ ಮೇ ತಿಂಗಳಲ್ಲಿ ನಮ್ಮೂರ ಬಸದಿಯ ಟ್ರಸ್ಟಿನ ಸಭೆಯಲ್ಲಿ ಒಂದು ಗೊತ್ತುವಳಿ ಮಂಡಿತವಾಯಿತು. ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ಹತರಾದ 26 ಮಂದಿಗೆ ಸಂತಾಪ ಸೂಚಿಸುವ ಅದರ ಮೊದಲ ಭಾಗಕ್ಕೆ ನಾವೆಲ್ಲರೂ ಎದ್ದು ನಿಂತು ಮೌನವಾಚರಿಸಿದೆವು. ಎರಡನೆಯ ಭಾಗದ ಸಾರಾಂಶವಿಷ್ಟು: ಪಾಕಿಸ್ತಾನದೊಡನೆ ಸಕಲ ವ್ಯಾಪಾರವನ್ನೂ ನಿಲ್ಲಿಸಿರುವುದು ರಕ್ತಪಾತವಿಲ್ಲದ ಅಸ್ತ್ರ, ಆದುದರಿಂದ ಅಹಿಂಸಾಧರ್ಮಕ್ಕೆ ಒಪ್ಪುವ ದಂಡನೆ, ಅದನ್ನು ಟ್ರಸ್ಟು ಸ್ವಾಗತಿಸುತ್ತದೆ. ಕೈ ಎತ್ತದೆ ಕುಳಿತವನು ನಾನೊಬ್ಬನೇ. ಕಾರಣವೇನೆಂದು ಹಿರಿಯರೊಬ್ಬರು ಕೇಳಿದರು. ಸೂರ್ಯಾಸ್ತದೊಳಗೆ ಮನೆ ಸೇರಿ ಊಟ ಮುಗಿಸುವ ಅವಸರ ಎಲ್ಲರಿಗೂ ಇತ್ತು, ಉತ್ತರ ಹೇಳಲಾಗಲಿಲ್ಲ. ಅಂದು ಉಳಿದುಹೋದ ಮಾತನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಮೊದಲೇ ಒಂದು ಅಪಾರ್ಥವನ್ನು ನಿವಾರಿಸಬೇಕು. ಶಸ್ತ್ರ ಹಿಡಿದು ಬಂದವನೆದುರು ದೇಶ ಕೈಕಟ್ಟಿ ನಿಲ್ಲಬೇಕೆಂದು ನಾನು ಹೇಳುತ್ತಿಲ್ಲ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ವಿಂಗಡಿಸಿದ ನಮ್ಮ ಹಿರಿಯರು ಗೃಹಸ್ಥನಿಗೆ ಸಂಕಲ್ಪೀ ಹಿಂಸೆಯನ್ನು ಸರ್ವಥಾ ನಿಷೇಧಿಸಿದರೇ ಹೊರತು, ಆತ್ಮರಕ್ಷಣೆಗಾಗಿ ಅನಿವಾರ್ಯವಾಗುವ ವಿರೋಧೀ ಹಿಂಸೆಯನ್ನು ಆ ಸಾಲಿಗೆ ಸೇರಿಸಲಿಲ್ಲ. ಗಡಿ ಕಾಯುವ ಯೋಧನ ಕೋವಿಯ ವಿಷಯದಲ್ಲಿ ನನ್ನ ತಕರಾರಿಲ್ಲ. ತಕರಾರಿರುವುದು ‘ರಕ್ತಪಾತವಿಲ್ಲದ’ ಎಂಬ ಆ ವಿಶೇಷಣದ ಬಗ್ಗೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದೆಂಬುದನ್ನು ಪಾಠಶಾಲೆಯ ಮಕ್ಕಳೂ ಬಲ್ಲರು. ಕಟ್ಟಿದ ಹಸುವಿಗೆ ಹೊತ್ತಿಗೆ ಸರಿಯಾಗಿ ಮೇವು ನೀರು ಕೊಡದಿದ್ದರೆ ಅಲ್ಲಿಯೂ ಒಂದು ತೊಟ್ಟು ರಕ್ತ ಬೀಳುವುದಿಲ್ಲ. ಆದರೂ ಅದನ್ನು ಹಿಂಸೆಯ ಪಟ್ಟಿಯಲ್ಲಿಯೇ ಬರೆದರು.

‘ನೆರೆಯ ದೇಶ ನಮ್ಮ ಕೊಟ್ಟಿಗೆಯ ಹಸುವೇ?’ ಎಂಬ ಪ್ರಶ್ನೆ ಬರುತ್ತದೆ. ಬರಲಿ. ನೇಪಾಳದ ಕಡೆ ನೋಡೋಣ. ಸಮುದ್ರವಿಲ್ಲದ ಆ ದೇಶಕ್ಕೆ ಉತ್ತರದಲ್ಲಿ ಹಿಮಾಲಯ, ಉಳಿದ ಮೂರು ದಿಕ್ಕುಗಳಲ್ಲಿ ಭಾರತ. 1988ರಲ್ಲಿ ಅದು ಚೀನಾದಿಂದ ಶಸ್ತ್ರಾಸ್ತ್ರ ಖರೀದಿಸಿದ್ದು ದೆಹಲಿಗೆ ಸಹನೆಯಾಗಲಿಲ್ಲ. 1989ರ ಮಾರ್ಚಿನಲ್ಲಿ ವ್ಯಾಪಾರ ಮತ್ತು ಸಾಗಣೆಯ ಒಪ್ಪಂದಗಳ ಅವಧಿ ಮುಗಿದಾಗ ಅವು ನವೀಕರಣಗೊಳ್ಳಲಿಲ್ಲ. ಗಡಿಯ ದ್ವಾರಗಳಲ್ಲಿ ಎರಡನ್ನು ಬಿಟ್ಟು ಉಳಿದವು ಮುಚ್ಚಿದವು. ಮತ್ತೆ 2015. ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು 9,000 ಜನರನ್ನು ಕಳೆದುಕೊಂಡಿದ್ದ ನೇಪಾಳ ಸೆಪ್ಟೆಂಬರ್ 20ರಂದು ಹೊಸ ಸಂವಿಧಾನವನ್ನು ಜಾರಿಗೆ ತಂದಿತು. ತಮಗೆ ಅನ್ಯಾಯವಾಯಿತೆಂದು ತರಾಯಿಯ ಮಧೇಸಿಗಳು ಚಳವಳಿ ಹೂಡಿದ್ದರು. ಕೆಲವೇ ದಿನಗಳಲ್ಲಿ ರಕ್ಸೌಲ್-ಬೀರ್‌ಗಂಜ್ ದ್ವಾರದಲ್ಲಿ ಲಾರಿಗಳ ಸಾಲು ನಿಂತುಬಿಟ್ಟಿತು. ಲಾರಿಗಳಿಗೆ ಗಡಿಯಾಚೆ ರಕ್ಷಣೆಯಿಲ್ಲ, ನಾವು ತಡೆದಿಲ್ಲ ಎಂದು ದೆಹಲಿ ಹೇಳಿತು. ಇದು ಅಘೋಷಿತ ದಿಗ್ಬಂಧನ ಎಂದು ಕಾಠ್ಮಂಡು ದೂರಿತು. ಯಾರ ಮಾತಿನಲ್ಲಿ ಎಷ್ಟು ಸತ್ಯವಿತ್ತೆಂಬ ವಾದ ಇಂದಿಗೂ ಮುಗಿದಿಲ್ಲ. ಆರಿದ ಒಲೆಯ ಮುಂದೆ ಕುಳಿತಿದ್ದ ತಾಯಿಗೆ ಆ ವಾದದಿಂದ ಅಂದೂ ಪ್ರಯೋಜನವಿರಲಿಲ್ಲ. ನೇಪಾಳಕ್ಕೆ ಅಡುಗೆ ಅನಿಲವೂ ಪೆಟ್ರೋಲೂ ಬರುತ್ತಿದ್ದುದು ಭಾರತದಿಂದಲೇ. ಸಿಲಿಂಡರುಗಳನ್ನು ಅರ್ಧ ತುಂಬಿಸಿ ಹಂಚಿದರು, ಅದಕ್ಕೂ ಜನ ದಿನಗಟ್ಟಲೆ ಕಾದರು. ಇಂಧನ, ಆಹಾರ, ಔಷಧ, ಲಸಿಕೆಗಳ ಕೊರತೆಯಿಂದ ಐದು ವರ್ಷದೊಳಗಿನ 30 ಲಕ್ಷಕ್ಕೂ ಹೆಚ್ಚು ಮಕ್ಕಳು ಆ ಚಳಿಗಾಲದಲ್ಲಿ ಅಪಾಯಕ್ಕೆ ಸಿಲುಕಿದ್ದಾರೆಂದು ಯುನಿಸೆಫ್ ನವೆಂಬರ್ ಕೊನೆಯಲ್ಲಿ ಎಚ್ಚರಿಸಿತು. ಸಂವಿಧಾನ ಬರೆದವರಲ್ಲಿ ಯಾರಾದರೂ ಆ ಚಳಿಗಾಲ ಹಸಿದು ಮಲಗಿದರೇ? ಲಾರಿಗಳು 2016ರ ಫೆಬ್ರವರಿಯಲ್ಲಿ ಚಲಿಸಿದವು. ಮಾರ್ಚಿನಲ್ಲಿ ನೇಪಾಳದ ಪ್ರಧಾನಿ ಬೀಜಿಂಗಿಗೆ ಹೋಗಿ ಸಾಗಣೆಯ ಒಪ್ಪಂದ ಮಾಡಿಕೊಂಡು ಬಂದರು. ಭದ್ರತೆಯ ದೃಷ್ಟಿಯಿಂದಲೇ ಲೆಕ್ಕ ಹಾಕುವವರು ಇದನ್ನು ಯಾವ ಖಾತೆಗೆ ಬರೆದುಕೊಳ್ಳುತ್ತಾರೋ ತಿಳಿಯದು.

ಪಾಕಿಸ್ತಾನ ನೇಪಾಳವಲ್ಲ, ನಿಜ. ಅದಕ್ಕೆ ಬಂದರುಗಳಿವೆ, ಸೇನೆಯಿದೆ, ಭಯೋತ್ಪಾದಕರಿಗೆ ನೆರಳು ಕೊಟ್ಟ ಇತಿಹಾಸವೂ ಇದೆ. ಆದರೆ ವ್ಯಾಪಾರ ನಿಲ್ಲಿಸಿ ಅದನ್ನು ಸರಿದಾರಿಗೆ ತರುವ ಪ್ರಯೋಗ ಹೊಸದೆಂದು ಭಾವಿಸಿದವರು 1949ನ್ನು ನೆನೆಯಬೇಕು. ದೇಶ ವಿಭಜನೆಯಲ್ಲಿ ಹೂಗ್ಲಿ ದಂಡೆಯ ಸೆಣಬಿನ ಗಿರಣಿಗಳು ನಮಗೆ ಬಂದವು. ಸೆಣಬು ಬೆಳೆಯುವ ಹೊಲಗಳ ಬಹುಪಾಲು ಪೂರ್ವ ಬಂಗಾಳಕ್ಕೆ ಹೋಯಿತು. ಆಗ ಪಾಕಿಸ್ತಾನದ ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಬರುತ್ತಿದ್ದುದು ಭಾರತಕ್ಕೇ. 1949ರ ಸೆಪ್ಟೆಂಬರಿನಲ್ಲಿ ಪೌಂಡಿನೊಡನೆ ನಾವು ರೂಪಾಯಿಯ ಮೌಲ್ಯವನ್ನು ಇಳಿಸಿದೆವು, ಅವರು ಇಳಿಸಲಿಲ್ಲ. ಅಷ್ಟಕ್ಕೇ ಜಗಳ. ಸೆಣಬು ಆ ಕಡೆ ಉಳಿಯಿತು, ಕಲ್ಲಿದ್ದಲು ಈ ಕಡೆ ಉಳಿಯಿತು. ಯಾರು ಮಣಿದರು? ಅವರು ನಾರಾಯಣಗಂಜಿನಲ್ಲಿ ತಮ್ಮದೇ ಗಿರಣಿಗಳನ್ನು ಕಟ್ಟಿಕೊಂಡರು. ಅನ್ನಕ್ಕೆ ಅಭಾವವಿದ್ದ ಆ ಕಾಲದಲ್ಲಿ ನಾವು ಭತ್ತ ಬೆಳೆಯಬಹುದಾದ ನೆಲಕ್ಕೂ ಸೆಣಬು ಹಾಕಿದೆವು. 1965ರ ಯುದ್ಧದ ನಂತರ ಸುಮಾರು ಒಂಬತ್ತು ವರ್ಷ ವ್ಯಾಪಾರ ನಿಂತಿತ್ತು. ಆ ಅವಧಿಯಲ್ಲಿಯೇ 1971ರ ಯುದ್ಧವೂ ನಡೆಯಿತು. ವ್ಯಾಪಾರವಿಲ್ಲದಿರುವುದು ಯುದ್ಧವನ್ನು ತಡೆಯಲಿಲ್ಲ.

ಈ ಮೊಂಡುತನ ಒಂದು ಪಕ್ಷದ್ದಲ್ಲ. 1996ರಲ್ಲಿ ಭಾರತ ಕೊಟ್ಟ ಪರಮಾಪ್ತ ರಾಷ್ಟ್ರದ ಸ್ಥಾನವನ್ನು ಪಾಕಿಸ್ತಾನ ಎಂದೂ ನಮಗೆ ಹಿಂತಿರುಗಿಸಲಿಲ್ಲ. ಪುಲ್ವಾಮಾದ ನಂತರ 2019ರ ಫೆಬ್ರವರಿಯಲ್ಲಿ ನಾವು ಆ ಸ್ಥಾನವನ್ನು ಹಿಂತೆಗೆದು ಶೇಕಡ 200ರ ಸುಂಕ ಹೇರಿದೆವು. ಆಗಸ್ಟಿನಲ್ಲಿ ಅವರು ವ್ಯಾಪಾರವನ್ನೇ ಅಮಾನತುಗೊಳಿಸಿದರು. ತಿಂಗಳೊಳಗೆ ಅವರ ಆಸ್ಪತ್ರೆಗಳ ಮೊರೆ ಕೇಳಿ, ಭಾರತದ ಔಷಧಗಳಿಗೆ ಮಾತ್ರ ವಿನಾಯಿತಿ ಕೊಡಬೇಕಾಯಿತು. 2021ರ ಮಾರ್ಚ್ 31ರಂದು ಅಲ್ಲಿನ ಆರ್ಥಿಕ ಸಮಿತಿ ಭಾರತದ ಹತ್ತಿ, ಸಕ್ಕರೆಗಳನ್ನು ತರಿಸಲು ಒಪ್ಪಿತು. ಮರುದಿನವೇ ಸಚಿವ ಸಂಪುಟ ಅದನ್ನು ತಳ್ಳಿಹಾಕಿತು. 2022ರ ಮಹಾಪ್ರವಾಹದಲ್ಲಿ ತರಕಾರಿ ಕೊಚ್ಚಿಹೋದಾಗ ನಮ್ಮ ಕಡೆಯಿಂದ ತರಿಸುವ ಮಾತೆದ್ದು ಅಲ್ಲಿಯೇ ಅಡಗಿತು. ಕೆಲವೇ ಗಂಟೆಗಳ ದಾರಿಯ ಅಮೃತಸರದ ಮಂಡಿಯನ್ನು ಬಿಟ್ಟು ಇರಾನ್, ಅಫಘಾನಿಸ್ತಾನಗಳಿಂದ ಈರುಳ್ಳಿ ಬಂದಿತು. ಸ್ವಂತ ಪ್ರಜೆಯ ತಟ್ಟೆಯನ್ನೇ ಅಡವಿಟ್ಟು ಹಟ ಸಾಧಿಸುವುದು ಯಾವ ಶೌರ್ಯ?

ಅಟಾರಿಯ ಚೆಕ್‌ಪೋಸ್ಟಿನಲ್ಲಿ ಮೂಟೆ ಹೊರುತ್ತಿದ್ದ ಸಾವಿರಕ್ಕೂ ಹೆಚ್ಚು ಹಮಾಲರು ನಮ್ಮವರೇ. ಅವರ ಕೂಲಿ 2019ರಲ್ಲಿಯೇ ಬಹುಮಟ್ಟಿಗೆ ನಿಂತಿತು. ಅಫಘಾನಿಸ್ತಾನದ ಒಣಹಣ್ಣುಗಳಿಂದ ಉಳಿದಿದ್ದ ಅಲ್ಪಸ್ವಲ್ಪಕ್ಕೂ 2025ರ ಏಪ್ರಿಲ್‌ನಲ್ಲಿ ಬಾಗಿಲು ಬಿತ್ತು. ಯಾವ ಭಯೋತ್ಪಾದಕನ ಪಾಪಕ್ಕೆ ಇವರು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು?

ಇನ್ನು ನಮ್ಮ ಸಮಾಜಕ್ಕೆ ನೇರವಾಗಿ ತಗಲುವ ಮಾತು. ನಮ್ಮಲ್ಲಿ ವ್ಯಾಪಾರಿಗಳು ಬಹಳ. ಆದುದರಿಂದ ಈ ಮಾತು ಕಟುವೆನಿಸಿದರೂ ಹೇಳಲೇಬೇಕು. ಗಡಿ ಮುಚ್ಚಿದರೆ ಸರಕು ನಿಲ್ಲುವುದಿಲ್ಲ, ದಾರಿ ಬದಲಿಸುತ್ತದೆ. ಸೈಂಧವ ಲವಣದ ಹೆಸರಿನಲ್ಲಿಯೇ ಸಿಂಧೂ ಇದೆ; ಅದರ ಪ್ರಸಿದ್ಧ ಗಣಿ ಪಾಕಿಸ್ತಾನದ ಖೇವ್ಡಾದಲ್ಲಿದೆ. ಉಡಿ ತುಂಬುವ ಉತ್ತತ್ತಿಯೂ ಅಲ್ಲಿಂದ ಹೇರಳವಾಗಿ ಬರುತ್ತಿತ್ತು. 2025ರ ಮೇ 2ರಂದು ಪಾಕಿಸ್ತಾನದ ಸರಕು ಯಾವ ಮಾರ್ಗದಿಂದಲೂ ಬರಕೂಡದೆಂಬ ಆಜ್ಞೆ ಹೊರಟಿತು. ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರದ ಕಂದಾಯ ಗುಪ್ತಚರ ನಿರ್ದೇಶನಾಲಯವು ದುಬೈ ಮಾರ್ಗವಾಗಿ ನವಾ ಶೇವಾ ಬಂದರಿಗೆ ಬಂದಿದ್ದ 39 ಕಂಟೇನರುಗಳನ್ನು ಹಿಡಿಯಿತು. ಒಟ್ಟು 1,115 ಟನ್ ಸರಕು, ಸುಮಾರು 9 ಕೋಟಿ ರೂಪಾಯಿ ಬೆಲೆ. ಅದರಲ್ಲಿ ಉತ್ತತ್ತಿಯೂ ಇತ್ತು, ಕಾಗದದಲ್ಲಿ ಮಾತ್ರ ಅದರ ಊರು ಬೇರೆಯಾಗಿತ್ತು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೆಂಬುದೊಂದಿದೆಯಲ್ಲ, ಅದು ಓದಿ ಮುಂದೆ ಸಾಗುವ ಒಣ ಪದವಲ್ಲ. ರಾಜ್ಯವು ಕ್ಷೋಭೆಗೊಳಗಾದಾಗ ಬೆಲೆಬಾಳುವ ಸರಕನ್ನು ಅಲ್ಪಬೆಲೆಗೆ ಎತ್ತಿಕೊಳ್ಳುವ ಯತ್ನವೇ ಅದೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಗಡಿಯಲ್ಲಿ ಗುಂಡು ಹಾರಿದ ಸುದ್ದಿ ಬಂದ ಸಂಜೆಯೇ ದಾಸ್ತಾನು ಹೆಚ್ಚಿಸಿ, ಮರುವಾರ ಬೆಲೆ ಏರಿಸಿ, ಅದರ ಮರುವಾರ ನಿಷೇಧವನ್ನು ಸ್ವಾಗತಿಸುವ ಗೊತ್ತುವಳಿಗೆ ಕೈ ಎತ್ತುವವನ ದೇಶಭಕ್ತಿಯನ್ನು ತೂಗಲು ತಕ್ಕಡಿ ಎಲ್ಲಿ ತರೋಣ?

ಭದ್ರತೆಯ ಭಯ ಸುಳ್ಳೆಂದು ನಾನು ಹೇಳಲಾರೆ. 2019ರ ಜೂನ್ ಕೊನೆಯಲ್ಲಿ ಅಟಾರಿಯಲ್ಲಿ ಇದೇ ಸೈಂಧವ ಲವಣದ ಮೂಟೆಗಳೊಳಗೆ 532 ಕಿಲೋ ಹೆರಾಯಿನ್ ಸಿಕ್ಕಿತು. ಕಾಶ್ಮೀರದ ನಿಯಂತ್ರಣ ರೇಖೆಯ ಎರಡೂ ಬದಿಯವರು 2008ರ ಅಕ್ಟೋಬರಿನಿಂದ ಹಣವಿಲ್ಲದೆ ಸರಕಿಗೆ ಸರಕು ಕೊಟ್ಟು ನಡೆಸುತ್ತಿದ್ದ ವಿನಿಮಯವನ್ನು, ಶಸ್ತ್ರ ಮತ್ತು ಮಾದಕವಸ್ತುಗಳ ಸಾಗಣೆಗೆ ದುರುಪಯೋಗವಾಗುತ್ತಿದೆಯೆಂದು, 2019ರ ಏಪ್ರಿಲ್‌ನಲ್ಲಿ ನಿಲ್ಲಿಸಲಾಯಿತು. ಆದರೆ ಆ ಹೆರಾಯಿನ್ ಸಿಕ್ಕಿದ್ದು ಬಾಗಿಲಿದ್ದುದರಿಂದ, ಬಾಗಿಲಲ್ಲಿ ಸುಂಕದವರು ಇದ್ದುದರಿಂದ. ಅಕ್ಕಿಯಲ್ಲಿ ಕಲ್ಲು ಸಿಕ್ಕಿತೆಂದು ಅನ್ನ ಬಿಡುವವರಿಲ್ಲ, ಆರಿಸುತ್ತಾರೆ. ದ್ವೇಷ ಕುದಿಯುತ್ತಿರುವಾಗಲೂ ಆರಿಸಬಹುದೆಂಬುದಕ್ಕೆ ನಿದರ್ಶನವೂ ಇದೆ: 2025ರ ಮೇ ತಿಂಗಳಲ್ಲಿ, ಕದನವಿರಾಮವಾಗಿ ವಾರ ಕಳೆಯುವ ಮುನ್ನವೇ, ದಾರಿಯಲ್ಲಿ ಸಿಲುಕಿದ್ದ 160 ಅಫಘಾನ್ ಲಾರಿಗಳಿಗೆ ಅಟಾರಿಯ ದ್ವಾರ ತೆರೆಯಲು ಭಾರತ ಒಪ್ಪಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಪಾಕಿಸ್ತಾನ-ಅಫಘಾನಿಸ್ತಾನಗಳು ಕಾದಾಡಿ ತೋರ್ಖಮ್ ಮತ್ತು ಚಮನ್ ದ್ವಾರಗಳನ್ನು ಮುಚ್ಚಿದಾಗ ಅಂಥ ವಿವೇಕ ಕಾಣಲಿಲ್ಲ. ಒಂದು ಕಡೆ ಹಣ್ಣು ಕೊಳೆಯಿತು, ಇನ್ನೊಂದು ಕಡೆ ಟೊಮ್ಯಾಟೊ ಬೆಲೆ ಹಲವು ಪಟ್ಟು ಏರಿತು.

ಟ್ರಸ್ಟಿನ ಮುಂದಿನ ಸಭೆಯಲ್ಲಿ ಆ ಗೊತ್ತುವಳಿಗೆ ತಿದ್ದುಪಡಿ ಸೂಚಿಸಲಿದ್ದೇನೆ. ಸಂತಾಪದ ಭಾಗ ಹಾಗೆಯೇ ಇರಲಿ. ಎರಡನೆಯ ಭಾಗದಿಂದ ‘ಅಹಿಂಸಾಧರ್ಮಕ್ಕೆ ಒಪ್ಪುವ’ ಎಂಬ ಮಾತನ್ನು ತೆಗೆಯಬೇಕು. ಯಾವ ನೆರೆಯವರೊಡನೆ ಎಂಥ ಜಗಳವಿದ್ದರೂ ಔಷಧ, ಆಹಾರಧಾನ್ಯ, ಮಕ್ಕಳ ಹಾಲಿನ ಪುಡಿ, ಕುಡಿಯುವ ನೀರು ನಿರ್ಬಂಧದಿಂದ ಹೊರಗಿರಬೇಕೆಂದು ಕೇಂದ್ರ ಸರ್ಕಾರಕ್ಕೆ ವಿನಂತಿಸುವ ಒಂದು ವಾಕ್ಯ ಸೇರಬೇಕು. ಗಡಿಯ ಸಂಕಟದಲ್ಲಿ ದಾಸ್ತಾನು ಮಾಡಿ ಗಳಿಸಿದ ಹಣ ಕಾಣಿಕೆಯ ರೂಪದಲ್ಲಿ ಬಂದರೆ ಟ್ರಸ್ಟು ಅದನ್ನು ಸ್ವೀಕರಿಸಕೂಡದೆಂಬುದು ಇನ್ನೊಂದು. ಈ ಎರಡನೆಯದಕ್ಕೆ ಒಪ್ಪಿಗೆ ಸಿಗುವುದು ಕಷ್ಟವೆಂದು ಬಲ್ಲೆ. ಬಸದಿಯ ಮುಖಮಂಟಪದ ದುರಸ್ತಿಗೆ ದಾನಿಗಳನ್ನು ಹುಡುಕುತ್ತಿದ್ದೇವೆ. ಸೂಚಕನಾಗಿ ನಾನಿದ್ದೇನೆ. ಅನುಮೋದಿಸಲು ಒಬ್ಬರು ಬೇಕು.