ಫುಟ್‌ಪಾತ್ ಮೇಲೆ 11 ಕೆ.ವಿ.

2023ರ ನವೆಂಬರ್ 19ರ ನಸುಕು. ಊರಿನಿಂದ ಬಂದಿಳಿದ ಕುಟುಂಬವೊಂದು ಬೆಂಗಳೂರು ಪೂರ್ವದ ಹೋಪ್‌ಫಾರ್ಮ್ ಜಂಕ್ಷನ್ ಬಳಿ ಮನೆಯತ್ತ ನಡೆಯುತ್ತಿತ್ತು. ಫುಟ್‌ಪಾತ್ ಮೇಲೆ ಬಿದ್ದಿದ್ದ 11 ಕೆ.ವಿ. (ಕಿಲೋವೋಲ್ಟ್) ವಿದ್ಯುತ್ ತಂತಿ ಕತ್ತಲಲ್ಲಿ ಕಾಣಲಿಲ್ಲ. ತುಳಿದ ತಾಯಿ, ಆಕೆ ಎತ್ತಿಕೊಂಡಿದ್ದ ಒಂಬತ್ತು ತಿಂಗಳ ಮಗು ಇಬ್ಬರೂ ಸುಟ್ಟು ಸತ್ತರು. ಬಿಡಿಸಲು ಹೋದ ಗಂಡನಿಗೂ ಗಾಯಗಳಾದವು. ನಗರಕ್ಕೆ ವಿದ್ಯುತ್ ಪೂರೈಸುವ ಬೆಸ್ಕಾಂನ ಐವರು ಅಮಾನತಾದರು.

ಕಡಿದು ಬಿದ್ದ ತಂತಿಯಲ್ಲಿ ಕರೆಂಟ್ ಏಕೆ ಉಳಿಯುತ್ತದೆ? ಮಿತಿ ಮೀರಿ ಕರೆಂಟ್ ಹರಿದಾಗಷ್ಟೇ ಫೀಡರ್ ಲೈನನ್ನು ಕಾಯುವ ರಿಲೇ ಎಂಬ ಸಾಧನ ಅದನ್ನು ಟ್ರಿಪ್ ಮಾಡುತ್ತದೆ, ಅಂದರೆ ಕರೆಂಟ್ ಕಡಿಯುತ್ತದೆ. ಒಣ ಕಾಂಕ್ರೀಟ್ ಮೇಲೆ ಬಿದ್ದ ತಂತಿಯಿಂದ ನೆಲಕ್ಕಿಳಿಯುವುದು ಅಲ್ಪ. ರಿಲೇಗೆ ಅದು ಮಾಮೂಲಿ ಲೋಡ್‌ನಂತೆಯೇ ಕಾಣಬಹುದು. ಜೀವ ತೆಗೆಯಲು ಆ ಅಲ್ಪವೇ ಸಾಕು. ತಾನೇ ಆಫ್ ಆಗುವ ಯಂತ್ರವಿದೆ ಎಂಬ ನಂಬಿಕೆಯಲ್ಲಿ ಲೈನ್ ಕಾಯುವ ಕಣ್ಣುಗಳು ಕಡಿಮೆಯಾಗಬಾರದು.

ಇಂಥ ಅಪಾಯವೂ ಎಲ್ಲರಿಗೂ ಸಮನಲ್ಲ. ಆಧುನಿಕ ಸಮಾಜ ಸಂಪತ್ತಿನಂತೆ ಅಪಾಯವನ್ನೂ ಉತ್ಪಾದಿಸಿ ಹಂಚುತ್ತದೆ ಎಂದು ಜರ್ಮನ್ ಸಮಾಜಶಾಸ್ತ್ರಜ್ಞ ಉಲ್ರಿಶ್ ಬೆಕ್ 1986ರಲ್ಲೇ ವಾದಿಸಿದ್ದರು. ನಮ್ಮಲ್ಲಿ ಆ ಅಪಾಯದ ದೊಡ್ಡ ಪಾಲು ನಡೆದು ಹೋಗುವವರದು. ಶಿವಾಜಿನಗರ, ಹಲಸೂರಿನ ಇಕ್ಕಟ್ಟು ರಸ್ತೆಗಳಲ್ಲಿ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ ಮೈ ಸವರಿಕೊಂಡು ಹೋಗದೆ ಅವರಿಗೆ ಬೇರೆ ದಾರಿಯಿಲ್ಲ.

ಅಮಾನತು ಮಾಡಿ ಕೈತೊಳೆದುಕೊಂಡರೆ ಸಾಲದು. ಪ್ರತಿ ಲೈನಿನ ಕೊನೆಯ ತಪಾಸಣೆ ಯಾವಾಗ ನಡೆಯಿತು, ಯಾರು ಮಾಡಿದರು ಎಂಬುದನ್ನು 1912 ಸಹಾಯವಾಣಿ ಸಂಖ್ಯೆಯ ಜೊತೆಗೆ ಬೆಸ್ಕಾಂ ಕಂಬದ ಮೇಲೆಯೇ ಬರೆಸಲಿ.