ಚಂಡೆಯ ಪೆಟ್ಟಿಗೆ ಮುಳುಗಿದ ಪದ್ಯ

1999ರ ಮಳೆಗಾಲ. ಊರಿನ ದೇವಸ್ಥಾನದ ಚಾವಡಿಯಲ್ಲಿ ತಾಳಮದ್ದಳೆ. ಭಾಗವತಿಕೆ ನನ್ನ ಸೋದರಮಾವನದು. ಗೆಳೆಯನೊಬ್ಬನಿಂದ ವಿಡಿಯೊ ಕ್ಯಾಮೆರಾ ಕಡ ತಂದಿದ್ದೆ. ಅದನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮಾವನ ಮುಖ ಚೌಕಟ್ಟಿನೊಳಗೆ ಸರಿಯಾಗಿ ಬಂದಿದೆಯೇ ಎಂದು ಎರಡೆರಡು ಬಾರಿ ನೋಡಿ, ಕೆಂಪು ಗುಂಡಿ ಒತ್ತಿ, ನಿಶ್ಚಿಂತೆಯಿಂದ ಚಹಾ ಕುಡಿಯಲು ಹೋದೆ.

ಮರುದಿನ ಟೀವಿಯ ಮುಂದೆ ಮನೆಮಂದಿಯೆಲ್ಲ ಕೂತರು. ಚಿತ್ರವೇನೋ ಚೆನ್ನಾಗಿಯೇ ಇತ್ತು. ಆದರೆ ಮಾವ ಪದ್ಯ ಎತ್ತಿದ ಮೇಲೆ ಚಂಡೆಗೆ ಒಂದು ಪೆಟ್ಟು ಬಿದ್ದದ್ದೇ ತಡ, ಅವರ ಸ್ವರ ಬಾವಿಗೆ ಬಿದ್ದಂತೆ ಕೆಳಗೆ ಹೋಯಿತು. ನಿಧಾನವಾಗಿ ಮೇಲೆ ಬರುವಷ್ಟರಲ್ಲಿ ಇನ್ನೊಂದು ಪೆಟ್ಟು. ಮತ್ತೆ ಮುಳುಗಡೆ. ಅರ್ಥಧಾರಿಗಳು ಮಾತಿನ ನಡುವೆ ಒಂದು ಕ್ಷಣ ಸುಮ್ಮನಾದರೆ ಮಾಡಿನ ಮೇಲೆ ಬೀಳುವ ಮಳೆಯ ಸದ್ದು ಭೋರೆಂದು ಎದ್ದು ಬರುತ್ತಿತ್ತು. ‘ಕ್ಯಾಮೆರಾ ಹಾಳಾಗಿದೆ’ ಎಂದು ನಾನು ತೀರ್ಪು ಕೊಟ್ಟೆ. ಕ್ಯಾಮೆರಾ ಹಾಳಾಗಿರಲಿಲ್ಲ. ಅದರ ಮೆನುವಿನಲ್ಲಿ ಧ್ವನಿಯ ಮಟ್ಟವನ್ನು ಕೈಯಾರೆ ಹೊಂದಿಸುವ ಏರ್ಪಾಡು ಇತ್ತು. ನಾನು ಮೆನು ತೆರೆದೇ ಇರಲಿಲ್ಲ, ಅಷ್ಟೆ.

ಈ ಕಥೆಯನ್ನು ಈಗ ಹೇಳಲು ಕಾರಣವಿದೆ. ಶಾಲೆಗಳಲ್ಲಿ ವಾರ್ಷಿಕೋತ್ಸವ ಬಂತೆಂದರೆ ವೇದಿಕೆಯ ಮೇಲೆ ಎಷ್ಟು ಮಕ್ಕಳಿರುತ್ತಾರೋ ಕೆಳಗೆ ಅಷ್ಟೇ ಕ್ಯಾಮೆರಾಗಳು, ಮೊಬೈಲುಗಳು ಇರುತ್ತವೆ. ಚಿತ್ರದ ಬಗ್ಗೆ ಎಲ್ಲರಿಗೂ ಕಾಳಜಿ. ಧ್ವನಿ ‘ತಾನಾಗಿಯೇ ಬರುತ್ತದೆ’ ಎಂಬ ನಂಬಿಕೆ. ತಾನಾಗಿ ಬರುವುದು ನಿಜ. ಆದರೆ ತಾನಾಗಿ ಬಂದದ್ದು ಹೇಗಿರುತ್ತದೆ ಎಂಬುದೇ ಪ್ರಶ್ನೆ.

<b>ಒಳಗೆ ಕೂತ ಕಾವಲುಗಾರ</b>

ಬಹುತೇಕ ಎಲ್ಲ ಕ್ಯಾಮೆರಾಗಳಲ್ಲೂ ‘ಆಟೊಮ್ಯಾಟಿಕ್ ಗೇನ್ ಕಂಟ್ರೋಲ್’ (ಎ.ಜಿ.ಸಿ.) ಎಂಬ ವ್ಯವಸ್ಥೆ ಇರುತ್ತದೆ. ನಲ್ಲಿಯ ಬಳಿ ಕೂತ ಕಾವಲುಗಾರ ಎಂದುಕೊಳ್ಳಿ. ನೀರು ಜೋರಾಗಿ ಬಂದರೆ ತಕ್ಷಣ ನಲ್ಲಿಯನ್ನು ತಿರುಗಿಸಿ ಕಡಿಮೆ ಮಾಡುತ್ತಾನೆ. ಸಣ್ಣಗೆ ಬಂದರೆ ನಿಧಾನವಾಗಿ ತೆರೆಯುತ್ತಾ ಹೋಗುತ್ತಾನೆ. ಬಕೆಟ್ಟಿಗೆ ಯಾವಾಗಲೂ ಒಂದೇ ಪ್ರಮಾಣದಲ್ಲಿ ನೀರು ಬೀಳಬೇಕೆಂಬುದಷ್ಟೇ ಅವನ ಗುರಿ. ನೀರು ಯಾವುದು, ಕೆಸರು ಯಾವುದು ಎಂಬುದು ಅವನಿಗೆ ತಿಳಿಯದು.

ನಮ್ಮ ತಾಳಮದ್ದಳೆಯಲ್ಲಿ ಆದದ್ದೂ ಅದೇ. ಚಂಡೆಯ ಪೆಟ್ಟು ಬಿದ್ದಾಗ ಕಾವಲುಗಾರ ನಲ್ಲಿ ಮುಚ್ಚಿದ; ಚಂಡೆಯ ಜೊತೆಗೆ ಮಾವನ ಪದ್ಯವೂ ಕುಗ್ಗಿತು. ಎಲ್ಲರೂ ಸುಮ್ಮನಾದಾಗ ನಲ್ಲಿಯನ್ನು ಪೂರ್ತಿ ತೆರೆದ. ಮಳೆಯ ಸದ್ದು, ಫ್ಯಾನಿನ ಸದ್ದು, ಕ್ಯಾಮೆರಾದ ಒಳಗಿನ ‘ಸೊರ್’ ಎನ್ನುವ ಸದ್ದು ಎಲ್ಲವೂ ನುಗ್ಗಿದವು. ಒಬ್ಬರೇ ಕೂತು ಒಂದೇ ಸಮನೆ ಮಾತನಾಡುವಾಗ ಈ ಕಾವಲುಗಾರ ಒಳ್ಳೆಯ ಸಹಾಯಕ. ಸಂಗೀತ, ನಾಟಕ, ಯಕ್ಷಗಾನ ಎಂದರೆ ಏರಿಳಿತವೇ ಜೀವಾಳ. ಅಲ್ಲಿ ಅವನಿಗೆ ರಜೆ ಕೊಡುವುದೇ ಲೇಸು.

ದುಬಾರಿ ಕ್ಯಾಮೆರಾ ಕೊಂಡವರಿಗೂ ಈ ತೊಂದರೆ ತಪ್ಪಿರಲಿಲ್ಲ. ಕ್ಯಾನನ್ ಕಂಪನಿಯ 5ಡಿ ಮಾರ್ಕ್ 2 ಕ್ಯಾಮೆರಾ 2008ರಲ್ಲಿ ಬಂದಾಗ ಅದರ ಚಿತ್ರದ ಗುಣಮಟ್ಟಕ್ಕೆ ಸಿನಿಮಾ ಮಂದಿಯೂ ಬೆರಗಾದರು. ಆದರೆ ಧ್ವನಿಯ ಮಟ್ಟವನ್ನು ಕೈಯಾರೆ ಹೊಂದಿಸಲು ಅದರಲ್ಲಿ ಅವಕಾಶವಿರಲಿಲ್ಲ. ಆ ಸೌಲಭ್ಯ ಬಂದದ್ದು 2010ರ ಮಾರ್ಚ್‌ನಲ್ಲಿ, ಕ್ಯಾಮೆರಾದ ಒಳಗಿನ ತಂತ್ರಾಂಶವನ್ನು ಬದಲಿಸಿದ ಮೇಲೆ.

<b>ಸೊನ್ನೆ ಎಂದರೆ ಬಾವಿಕಟ್ಟೆ</b>

ಕ್ಯಾಮೆರಾದ ಪರದೆಯ ಮೇಲೆ ಧ್ವನಿ ಬಂದಂತೆ ಓಡಾಡುವ ಎರಡು ಪಟ್ಟಿಗಳನ್ನು ನೀವು ನೋಡಿರಬಹುದು. ಅದೇ ಲೆವೆಲ್ ಮೀಟರ್. ಒಂದು ಪಟ್ಟಿ ಎಡ ಚಾನೆಲ್‌ಗೆ, ಇನ್ನೊಂದು ಬಲ ಚಾನೆಲ್‌ಗೆ. ಪಕ್ಕದಲ್ಲಿ –40, –20, –12, 0 ಎಂಬಂಥ ಅಂಕಿಗಳು. ಅಳತೆ ಡೆಸಿಬೆಲ್‌ನಲ್ಲಿ. ಟೆಲಿಫೋನ್ ಖ್ಯಾತಿಯ ಅಲೆಗ್ಸಾಂಡರ್ ಗ್ರಹಾಂ ಬೆಲ್ ಅವರ ಹೆಸರಿನಿಂದ ಬಂದ ಮಾತು ಅದು.

ಈ ಋಣ ಚಿಹ್ನೆಯ ಅಂಕಿಗಳು ಮೊದಲಿಗೆ ಗಲಿಬಿಲಿ ಮಾಡುತ್ತವೆ. ಬಾವಿಯ ನೀರು ಕಟ್ಟೆಯಿಂದ ಎಷ್ಟು ಅಡಿ ಕೆಳಗಿದೆ ಎಂದು ಹೇಳುವುದಿಲ್ಲವೇ? ಹಾಗೆಯೇ ಇದು. ಸೊನ್ನೆ ಎಂದರೆ ಕಟ್ಟೆಯ ಅಂಚು. –12 ಎಂದರೆ ಅಂಚಿಗಿಂತ 12 ಡೆಸಿಬೆಲ್ ಕೆಳಗೆ. ಸುಮಾರು 6 ಡೆಸಿಬೆಲ್ ಇಳಿದರೆ ಸಂಕೇತದ ಎತ್ತರ ಅರ್ಧಕ್ಕೆ ಇಳಿಯುತ್ತದೆ. 12 ಇಳಿದರೆ ಕಾಲು ಭಾಗಕ್ಕೆ. 20 ಇಳಿದರೆ ಹತ್ತನೆಯ ಒಂದು ಭಾಗಕ್ಕೆ.

ಅಂಚು ದಾಟಿದರೆ ಏನಾಗುತ್ತದೆ? ಡಿಜಿಟಲ್ ಕ್ಯಾಮೆರಾ ಧ್ವನಿಯ ಅಲೆಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 48,000 ಬಾರಿ ಅಳೆದು ಅಂಕಿಗಳಲ್ಲಿ ಬರೆದಿಡುತ್ತದೆ. 16 ಬಿಟ್ ಪದ್ಧತಿಯಲ್ಲಿ ಅದರ ಬಳಿ ಇರುವುದು ಒಟ್ಟು 65,536 ಮೆಟ್ಟಿಲುಗಳು. ಮೇಲಿನ ಕೊನೆಯ ಮೆಟ್ಟಿಲು 32,767. ಅಲೆ ಅದಕ್ಕಿಂತ ಎತ್ತರಕ್ಕೆ ಹೋದರೂ ಬರೆದಿಡಲು ಅಂಕಿಯಿಲ್ಲ. ಹೀಗಾಗಿ ಅಲೆಯ ನೆತ್ತಿಯನ್ನು ಕತ್ತಿಯಿಂದ ಸವರಿದಂತೆ ಚಪ್ಪಟೆ ಮಾಡಿ ಬರೆಯುತ್ತದೆ. ಕಿವಿಗೆ ಇದು ‘ಕರಕರ’ ಎಂದು ಒಡೆದ ಸದ್ದಾಗಿ ಕೇಳುತ್ತದೆ. ಕತ್ತರಿಸಿ ಹೋದ ಭಾಗ ಎಲ್ಲೂ ದಾಖಲಾಗಿಲ್ಲವಾದ್ದರಿಂದ ಅದನ್ನು ಮರಳಿ ಪಡೆಯುವಂತಿಲ್ಲ. ರಿಪೇರಿ ಮಾಡುವ ತಂತ್ರಾಂಶಗಳು ಇವೆ. ಅವು ಅಂದಾಜಿನ ತೇಪೆ ಹಚ್ಚುತ್ತವೆ, ಅಷ್ಟೆ.

ಕ್ಯಾಸೆಟ್ ಕಾಲದ ಅಪ್ಪಂದಿರಿಗೆ ಇಲ್ಲೊಂದು ಎಚ್ಚರಿಕೆಯ ಮಾತು. ಟೇಪ್ ಡೆಕ್ಕಿನಲ್ಲಿ ಮುಳ್ಳು ಸೊನ್ನೆಯ ಆಸುಪಾಸಿನಲ್ಲಿ ಕುಣಿಯುವಂತೆ ಇಡುವುದು ರೂಢಿಯಾಗಿತ್ತು. ಅಲ್ಲಿ ಸೊನ್ನೆಯ ಮೇಲೆಯೂ ಒಂದಿಷ್ಟು ಜಾಗವಿರುತ್ತಿತ್ತು. ಸ್ವಲ್ಪ ದಾಟಿದರೂ ಟೇಪು ಮೆಲ್ಲಗೆ ಸಹಿಸಿಕೊಳ್ಳುತ್ತಿತ್ತು. ಡಿಜಿಟಲ್ ಸೊನ್ನೆಯ ಮೇಲೆ ಕೂದಲೆಳೆಯಷ್ಟೂ ಜಾಗವಿಲ್ಲ. ಹಳೆಯ ಅಭ್ಯಾಸವನ್ನು ಇಲ್ಲಿಗೆ ತರಬೇಡಿ.

ಹಾಗೆಂದು ಭಯಪಟ್ಟು –40ರಲ್ಲಿ ದಾಖಲಿಸುವುದೂ ಸರಿಯಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ಧ್ವನಿಯನ್ನು ಮೇಲೆತ್ತಿದರೆ ಕ್ಯಾಮೆರಾದ ‘ಸೊರ್’ ಸದ್ದೂ ಅಷ್ಟೇ ಮೇಲೇಳುತ್ತದೆ. ಅಂಚಿಗೂ ತಳಕ್ಕೂ ನಡುವೆ ಒಂದು ಹದ ಬೇಕು.

<b>ಹದ ಹಿಡಿಯುವ ಬಗೆ</b>

ಮೊದಲು ಮೆನು ತೆರೆಯಿರಿ. ಒಂದೊಂದು ಕಂಪನಿಯದು ಒಂದೊಂದು ಹೆಸರು. ಕ್ಯಾನನ್‌ನಲ್ಲಿ ‘ಸೌಂಡ್ ರೆಕಾರ್ಡಿಂಗ್’, ಸೋನಿಯಲ್ಲಿ ‘ಆಡಿಯೊ ರೆಕಾರ್ಡಿಂಗ್ ಲೆವೆಲ್’, ನಿಕಾನ್‌ನಲ್ಲಿ ‘ಮೈಕ್ರೊಫೋನ್ ಸೆನ್ಸಿಟಿವಿಟಿ’. ಆಟೊ ಎಂದಿರುವಲ್ಲಿ ಮ್ಯಾನುಯಲ್ ಆರಿಸಿ, ಮಟ್ಟವನ್ನು ಏರಿಸಿ ಇಳಿಸಿ ನೋಡಿ.

ಕಾರ್ಯಕ್ರಮದ ಅತ್ಯಂತ ಜೋರಾದ ಭಾಗ ಯಾವುದು ಎಂದು ಮೊದಲೇ ವಿಚಾರಿಸಿಕೊಳ್ಳಿ. ಮಟ್ಟ ನಿರ್ಧಾರವಾಗಬೇಕಾದದ್ದು ಆ ಭಾಗಕ್ಕೆ, ಸ್ವಾಗತ ಭಾಷಣಕ್ಕಲ್ಲ. ರಿಹರ್ಸಲ್ ದಿನವೇ ಕ್ಯಾಮೆರಾ ಕೊಂಡೊಯ್ದರೆ ಒಳ್ಳೆಯದು. ಜೋರಾದ ಜಾಗದಲ್ಲಿ ಪಟ್ಟಿ ಆಗೊಮ್ಮೆ ಈಗೊಮ್ಮೆ –12ರ ಗೆರೆಯನ್ನು ಮುಟ್ಟುವಂತೆ, ತುಸು ದಾಟುವಂತೆ ಇಡಿ. ಸಾಮಾನ್ಯ ಮಾತು –20ರ ಸುತ್ತಮುತ್ತ ಇರಲಿ. ಉಳಿದ 12 ಡೆಸಿಬೆಲ್ ಪೋಲಾಯಿತೆಂದು ಮರುಗಬೇಡಿ. ಅದು ಅನಿರೀಕ್ಷಿತಕ್ಕೆ ಬಿಟ್ಟ ಜಾಗ. ರಿಹರ್ಸಲ್‌ನಲ್ಲಿ ಪಿಸುಗುಟ್ಟಿದ ಹುಡುಗನೇ ವೇದಿಕೆ ಹತ್ತಿದಾಗ ಗಂಟಲು ಹರಿಯುವಂತೆ ಕೂಗುವುದುಂಟು.

ಒಮ್ಮೆ ಹೊಂದಿಸಿದ ಮೇಲೆ ನಿಮಿಷಕ್ಕೊಮ್ಮೆ ತಿರುಗಿಸುತ್ತಾ ಕೂರಬೇಡಿ. ಹಾಗೆ ಮಾಡಿದರೆ ನೀವೇ ಎ.ಜಿ.ಸಿ. ಆಗಿಬಿಡುತ್ತೀರಿ! ತೀರಾ ಬೇಕೆನಿಸಿದರೆ ಎರಡು ಕಾರ್ಯಕ್ರಮಗಳ ನಡುವಿನ ಬಿಡುವಿನಲ್ಲಿ ಬದಲಿಸಿ.

ಮೀಟರ್ ಎಷ್ಟು ಎಂದು ಹೇಳುತ್ತದೆ. ಎಂಥದ್ದು ಎಂದು ಹೇಳುವುದಿಲ್ಲ. ಮೈಕಿಗೆ ಗಾಳಿ ಬಡಿಯುತ್ತಿದ್ದರೂ, ವೈರು ಸಡಿಲವಾಗಿ ಗುಂಯ್‌ಗುಟ್ಟುತ್ತಿದ್ದರೂ ಪಟ್ಟಿ ಚೆನ್ನಾಗಿಯೇ ಕುಣಿಯುತ್ತದೆ. ಹೆಡ್‌ಫೋನ್ ಸಿಕ್ಕಿಸುವ ಸೌಕರ್ಯವಿದ್ದರೆ ಸಿಕ್ಕಿಸಿ ಕೇಳಿ. ಇಲ್ಲವಾದರೆ ಒಂದು ನಿಮಿಷ ರೆಕಾರ್ಡ್ ಮಾಡಿ, ಹೊರಗೆ ಹೋಗಿ ಕೇಳಿ ಬನ್ನಿ.

<b>ದೂರವೇ ದೊಡ್ಡ ಶತ್ರು</b>

ಮಟ್ಟ ಹೊಂದಿಸುವುದಕ್ಕಿಂತಲೂ ಮುಖ್ಯವಾದದ್ದು ಮೈಕು ಎಲ್ಲಿದೆ ಎಂಬುದು. ಬಯಲಿನಲ್ಲಿ ಮಾತನಾಡುವವರಿಂದ ದೂರ ಎರಡರಷ್ಟಾದಾಗಲೆಲ್ಲ ಧ್ವನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಿಂದ ಹದಿನಾರು ಮೀಟರಿಗೆ ಹೋದರೆ 24 ಡೆಸಿಬೆಲ್ ನಷ್ಟ. ಜೂಮ್ ಮಾಡಿದರೆ ಚಿತ್ರ ಹತ್ತಿರ ಬರುತ್ತದೆ. ಕ್ಯಾಮೆರಾದ ಮೈಕು ಮಾತ್ರ ನಿಮ್ಮ ಜೊತೆಯಲ್ಲೇ, ಕೊನೆಯ ಸಾಲಿನಲ್ಲೇ ಕೂತಿರುತ್ತದೆ. ಅಲ್ಲಿ ಮಟ್ಟ ಏರಿಸಿದರೆ ಮೊದಲು ಕೇಳುವುದು ಪಕ್ಕದ ಕುರ್ಚಿಯವರ ಹರಟೆ, ಆಮೇಲೆ ಸಭಾಂಗಣದ ಗೋಡೆಗಳ ಮಾರ್ದನಿ.

ಧ್ವನಿವರ್ಧಕದವರ ಮಿಕ್ಸರಿನಿಂದ ನೇರವಾಗಿ ವೈರು ತರುವುದು ಉತ್ತಮ ಉಪಾಯ. ಆದರೆ ಅಲ್ಲೊಂದು ಗುಂಡಿಯಿದೆ. ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್. ಮಿಕ್ಸರಿನ ‘ಲೈನ್’ ಸಂಕೇತ ಒಂದು ವೋಲ್ಟ್ ಆಸುಪಾಸಿನದು, ಅಂದರೆ ನೂರಾರು ಪಟ್ಟು ದೊಡ್ಡದು. ಅದನ್ನು ಮೈಕಿನ ತೂತಿಗೆ ಹಾಗೆಯೇ ಸಿಕ್ಕಿಸಿದರೆ ಕ್ಯಾಮೆರಾದ ಮೊದಲ ವರ್ಧಕದಲ್ಲೇ ಅಲೆಯ ನೆತ್ತಿ ಕತ್ತರಿಸಿ ಹೋಗಬಹುದು. ಆಮೇಲೆ ನೀವು ಮೆನುವಿನಲ್ಲಿ ಮಟ್ಟ ಇಳಿಸಿ, ಮೀಟರ್ –12 ತೋರಿಸಿತೆಂದು ಸಮಾಧಾನಪಟ್ಟುಕೊಂಡರೆ, ಸಿಗುವುದು ಮೆಲ್ಲಗೆ ಕೇಳುವ ಒಡೆದ ಸದ್ದು! ಕ್ಯಾಮೆರಾದಲ್ಲಿ ‘ಲೈನ್’ ಆಯ್ಕೆ ಇದ್ದರೆ ಅದನ್ನು ಆರಿಸಿ. ಇಲ್ಲವಾದರೆ ಸಂಕೇತವನ್ನು ಕುಗ್ಗಿಸುವ ಅಟೆನ್ಯುಯೇಟರ್ ಇರುವ ವೈರು ಬಳಸಿ. ಸ್ಪೀಕರಿಗೆ ಹೋಗುವ ವೈರನ್ನಂತೂ ಕ್ಯಾಮೆರಾದ ಹತ್ತಿರಕ್ಕೂ ತರಬೇಡಿ.

ಮೊಬೈಲ್ ಇರುವವರು ಏನು ಮಾಡಬೇಕು? ಮೊಬೈಲಿನ ಜೊತೆಗೆ ಬರುವ ಕ್ಯಾಮೆರಾ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಧ್ವನಿಯ ಮಟ್ಟ ಹೊಂದಿಸಲು ಅವಕಾಶವಿರುವುದಿಲ್ಲ. ಮೀಟರ್ ಮತ್ತು ಮಟ್ಟ ಎರಡನ್ನೂ ಕೊಡುವ ಆ್ಯಪ್‌ಗಳಿವೆ. 2023ರಲ್ಲಿ ಐಫೋನಿಗೆ ಉಚಿತವಾಗಿ ಬಂದ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಅಂಥದ್ದೊಂದು. ಇನ್ನೊಂದು ಉಪಾಯ, ವೇದಿಕೆಯ ಹತ್ತಿರ ಪ್ರತ್ಯೇಕ ರೆಕಾರ್ಡರ್ ಇಡುವುದು. ಆರಂಭದಲ್ಲಿ ಕ್ಯಾಮೆರಾಕ್ಕೂ ರೆಕಾರ್ಡರಿಗೂ ಕೇಳಿಸುವಂತೆ ಒಮ್ಮೆ ಚಪ್ಪಾಳೆ ತಟ್ಟಿ. ಆಮೇಲೆ ಚಿತ್ರವನ್ನೂ ಧ್ವನಿಯನ್ನೂ ಆ ಚಪ್ಪಾಳೆಯ ಗುರುತಿನಲ್ಲಿ ಜೋಡಿಸಬಹುದು.

‘32 ಬಿಟ್ ಫ್ಲೋಟ್’ ಎಂಬ ಹೊಸ ಪದ್ಧತಿಯ ರೆಕಾರ್ಡರುಗಳೂ ಈಗ ಸಿಗುತ್ತವೆ. ಅವುಗಳಲ್ಲಿ ಅಂಚು ತೀರಾ ಎತ್ತರದಲ್ಲಿರುವುದರಿಂದ ಮಟ್ಟದ ಚಿಂತೆ ಬಹಳಷ್ಟು ತಪ್ಪುತ್ತದೆ. ಆದರೆ ಮೈಕೇ ತಾಳಲಾರದಷ್ಟು ಜೋರಾದರೆ, ಅಥವಾ ಮೈಕು ಹದಿನಾರು ಮೀಟರ್ ದೂರವಿದ್ದರೆ, ಅದೂ ಏನೂ ಮಾಡಲಾರದು.

<b>ಅಡುಗೆಮನೆಯ ಪ್ರಯೋಗ</b>

ವಿದ್ಯಾರ್ಥಿಗಳೇ, ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಒಲೆಯ ಮೇಲೆ ಕುಕ್ಕರ್ ಇರುವ ಹೊತ್ತಿಗೆ ಕ್ಯಾಮೆರಾವನ್ನು ಅಡುಗೆಮನೆಯ ಬಾಗಿಲಲ್ಲಿಟ್ಟು, ಆಟೊದಲ್ಲಿ ಬಿಟ್ಟು, ಒಂದೇ ಸಮನೆ ಮಗ್ಗಿ ಹೇಳುತ್ತಾ ನಿಲ್ಲಿ. ಸೀಟಿ ಹೊಡೆದು ನಿಂತ ಮೇಲೂ ಐದಾರು ಮಗ್ಗಿ ಹೇಳಿ. ಆಮೇಲೆ ಕೇಳಿ ನೋಡಿ. ಸೀಟಿಯ ಬೆನ್ನಿಗೇ ನಿಮ್ಮ ದನಿ ಕುಗ್ಗಿ, ಮೆಲ್ಲಮೆಲ್ಲನೆ ಏರುವುದು ಕೇಳಿಸಿದರೆ ಕಾವಲುಗಾರ ಸಿಕ್ಕಿಬಿದ್ದನೆಂದೇ ಅರ್ಥ. ಇನ್ನೊಂದು ದಿನ ಮ್ಯಾನುಯಲ್‌ನಲ್ಲಿಟ್ಟು, ಸೀಟಿ ಸೊನ್ನೆ ಮುಟ್ಟದಂತೆ ಮಟ್ಟ ಹೊಂದಿಸಿ ಅದನ್ನೇ ಮಾಡಿ. ಎರಡನ್ನೂ ಕಂಪ್ಯೂಟರಿನ ಧ್ವನಿ ತಂತ್ರಾಂಶದಲ್ಲಿ ತೆರೆದರೆ ಅಲೆಗಳ ಆಕಾರದಲ್ಲೇ ವ್ಯತ್ಯಾಸ ಕಾಣುತ್ತದೆ. ವಿಜ್ಞಾನ ಪ್ರದರ್ಶನಕ್ಕೆ ಇದಕ್ಕಿಂತ ಅಗ್ಗದ ಮಾದರಿ ಬೇಕೇ?

ಪಾಲಕರಿಗೆ ಒಂದು ಮಾತು. ಈ ವಿದ್ಯೆಯನ್ನು ವಾರ್ಷಿಕೋತ್ಸವಕ್ಕೇ ಮೀಸಲಿಡಬೇಡಿ. ರಜೆಯಲ್ಲಿ ಮಕ್ಕಳ ಕೈಗೆ ಕ್ಯಾಮೆರಾ ಕೊಟ್ಟು, ಅಜ್ಜಿಯನ್ನು ಫ್ಯಾನಿಲ್ಲದ ಕೋಣೆಯಲ್ಲಿ ಕೂರಿಸಿ, ಮೈಕನ್ನು ಒಂದು ಮೊಳ ದೂರದಲ್ಲಿಟ್ಟು, ಅವರು ಹಾಡುತ್ತಿದ್ದ ಶೋಭಾನೆ ಪದವನ್ನೋ ಹೇಳುತ್ತಿದ್ದ ಕಥೆಯನ್ನೋ ದಾಖಲಿಸಲು ಹೇಳಿ. ಮಟ್ಟ ನೋಡಿಕೊಳ್ಳುವ ಜವಾಬ್ದಾರಿ ಮಕ್ಕಳದೇ ಆಗಿರಲಿ. ಕತ್ತಲಾಗಿ ಬಂದ ಚಿತ್ರವನ್ನು ಮುಂದೊಂದು ದಿನ ಹೇಗೋ ನೋಡಬಹುದು. ಒಡೆದುಹೋದ ದನಿ ಮಾತ್ರ ಒಡೆದದ್ದೇ.

ನನ್ನ ಮಾವ ಈಗಿಲ್ಲ. ಅವರ ಭಾಗವತಿಕೆಯೆಂದು ನಮ್ಮ ಮನೆಯಲ್ಲಿ ಉಳಿದಿರುವುದು ಆ ಒಂದೇ ಟೇಪು. ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದೇವೆ. ಚಂಡೆಯ ಎರಡು ಪೆಟ್ಟುಗಳ ನಡುವೆ ಅವರ ಪದ್ಯ ಮೇಲೆ ಬರುವ ಆ ನಾಲ್ಕಾರು ಕ್ಷಣಗಳಿಗಾಗಿ ಈಗಲೂ ಮನೆಮಂದಿಯೆಲ್ಲ ಕಿವಿಗೊಟ್ಟು ಕೂರುತ್ತೇವೆ.